ಅರಾಜಕತೆ: ಇಲ್ಲದ್ದು ಯಾವುದು?

ಊರಿನಲ್ಲಿ ಗಲಭೆಯಾಗಿ ಅಂಗಡಿಗಳ ಬಾಗಿಲು ಮುಚ್ಚಿದರೆ ಮರುದಿನ ಪತ್ರಿಕೆಯಲ್ಲಿ ‘ಅರಾಜಕತೆ’ ಎಂಬ ಪದ ಕಾಣಿಸಿಕೊಳ್ಳುತ್ತದೆ. ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಗಲಭೆಯೇ ಇಲ್ಲ. ‘ಅ’ ಎಂದರೆ ಇಲ್ಲ. ರಾಜನಿಲ್ಲದ ಸ್ಥಿತಿ, ಅಷ್ಟೆ. ಅಕ್ಷರಾರ್ಥ ಹಿಡಿದರೆ 1950ರ ಜನವರಿ 26ರಂದು ಗಣರಾಜ್ಯವಾದ ಭಾರತವೂ ಅರಾಜಕವೇ!

ಇಂಗ್ಲಿಷಿನ ‘ಅನಾರ್ಕಿ’ಯೂ ಹೀಗೆಯೇ ಹುಟ್ಟಿದ್ದು. ಗ್ರೀಕಿನಲ್ಲಿ ‘ಅರ್ಖೋಸ್’ ಎಂದರೆ ಆಳುವವನು. ಅದರ ಮುಂದೆ ‘ಅನ್’ ಸೇರಿತು. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬ ನಿಯಮ ಸಂಸ್ಕೃತಕ್ಕೂ ಗ್ರೀಕಿಗೂ ಒಂದೇ. ನಮ್ಮಲ್ಲಿ ಅಶಾಂತಿ, ಅನೇಕ; ಅವರಲ್ಲಿ ಆಟಮ್ (ಕತ್ತರಿಸಲಾಗದ್ದು), ಅನಾರ್ಕಿ. ಎರಡೂ ಒಂದೇ ಕುಟುಂಬದ ಭಾಷೆಗಳಲ್ಲವೆ?

ಮೈಲುತುತ್ತದ ನೀಲಿ ಹರಳುಗಳನ್ನು ಕಾಯಿಸಿದರೆ ಬಿಳಿ ಪುಡಿ ಉಳಿಯುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ಅದು ನಿರ್ಜಲ ತಾಮ್ರದ ಸಲ್ಫೇಟ್. ಹೋದದ್ದು ನೀರು ಮಾತ್ರ. ತಾಮ್ರದ ಸಲ್ಫೇಟ್ ಅಲ್ಲೇ ಇದೆ. ಹಾಗಾದರೆ ರಾಜ ಹೋದೊಡನೆ ಸುವ್ಯವಸ್ಥೆಯೂ ಹೋಗಲೇಬೇಕೆ?

ಹೋಗುತ್ತದೆ ಎಂಬುದು ಹಳೆಯ ನಂಬಿಕೆ. ವಾಲ್ಮೀಕಿ ರಾಮಾಯಣದಲ್ಲಿ ದಶರಥ ತೀರಿಕೊಂಡಾಗ ಹಿರಿಯರು ವಸಿಷ್ಠರ ಮುಂದೆ ಅರಾಜಕ ನಾಡಿನ ಚಿತ್ರ ಬಿಡಿಸುತ್ತಾರೆ: ಅಲ್ಲಿ ಮಳೆ ಬಾರದು, ಮೀನು ಮೀನನ್ನು ತಿನ್ನುವಂತೆ ಜನ ಜನರನ್ನು ತಿನ್ನುತ್ತಾರೆ. ಹೋಗಬೇಕಿಲ್ಲ ಎಂದವನು ಫ್ರಾನ್ಸಿನ ಪ್ರೂಧೋನ್. ಬೈಗುಳವಾಗಿದ್ದ ಪದವನ್ನೇ 1840ರಲ್ಲಿ ತನ್ನ ಹೆಸರಿಗೆ ಅಂಟಿಸಿಕೊಂಡು, ಆಳುವವನಿಲ್ಲದೆಯೂ ಸಮಾಜ ಕ್ರಮವಾಗಿ ನಡೆದೀತು ಎಂದು ವಾದಿಸಿದ.

ಆಳುವವರಿಗೆ ಮಾತ್ರ ಇದು ಸದಾ ಅನುಕೂಲದ ಬೈಗುಳ. 1919ರ ರೌಲಟ್ ಕಾಯಿದೆಯ ಪೂರ್ಣ ಹೆಸರಿನಲ್ಲೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳು’ ಎಂದಿತ್ತು. ಅದಕ್ಕೆ ಮೂರು ವರ್ಷ ಮೊದಲೇ, 1916ರ ಫೆಬ್ರವರಿಯಲ್ಲಿ, ಕಾಶಿಯಲ್ಲಿ ರಾಜಮಹಾರಾಜರು ಕುಳಿತಿದ್ದ ವೇದಿಕೆಯಿಂದ ಗಾಂಧೀಜಿ ತಾವೂ ಒಬ್ಬ ಅರಾಜಕವಾದಿ, ಆದರೆ ಬೇರೆ ಬಗೆಯವರು ಎಂದುಬಿಟ್ಟರು. ಬಾಂಬಿನ ದಾರಿ ಅವರಿಗೆ ಒಪ್ಪಿಗೆಯಿರಲಿಲ್ಲ. ಆದರೂ ಸಭೆಯಲ್ಲಿ ಕೋಲಾಹಲವಾಗಿ ಭಾಷಣ ಅರ್ಧಕ್ಕೇ ನಿಂತಿತು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಇದೇ ಪದವನ್ನು ಎತ್ತಿಕೊಂಡರು. ಸಂವಿಧಾನದ ಮಾರ್ಗ ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳೂ ಅರಾಜಕತೆಯ ವ್ಯಾಕರಣವೇ, ಅವನ್ನು ಕೈಬಿಡಬೇಕು ಎಂದರು. ರಾಜನಿಲ್ಲದ ನಾಡಿಗೆ ಎರಡು ತಿಂಗಳು ಬಾಕಿಯಿತ್ತು. ಅವರ ಕಣ್ಣಿದ್ದದ್ದು ಹೋಗುವ ರಾಜನ ಮೇಲಲ್ಲ, ಉಳಿಯಬೇಕಾದ ಕಾನೂನಿನ ಮೇಲೆ.