ಆಟೊದವನನ್ನು ಬೈದರೆ ಜಾಮ್ ಕರಗೀತೆ?

ಬೆಂಗಳೂರಿನಲ್ಲಿ ಜಾಮ್ ಆದಾಗಲೆಲ್ಲ ನಾವು ಅಪರಾಧಿಯನ್ನು ಹುಡುಕುತ್ತೇವೆ: ಅಡ್ಡ ನುಗ್ಗಿದ ಆಟೊದವನು, ನಡುರಸ್ತೆಯಲ್ಲಿ ನಿಂತ ಬಸ್ಸು, 'ಹೊರಗಿನಿಂದ ಬಂದವರು'. ಸಂಚಾರದ ಗಣಿತ ಮಾದರಿಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಹುಡುಕಾಟವೇ ದಾರಿ ತಪ್ಪಿದೆ ಅನಿಸುತ್ತದೆ.

2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದನ್ನು ನೋಡಿ. 230 ಮೀಟರ್ ಸುತ್ತಳತೆಯ ವೃತ್ತ, 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಜಾಮ್ ಹುಟ್ಟಿತು. ಒಬ್ಬರು ಕೊಂಚ ನಿಧಾನಿಸಿದರೆ ಹಿಂದಿನವರು ಇನ್ನಷ್ಟು ನಿಧಾನಿಸುತ್ತಾರೆ, ಅವರ ಹಿಂದೆ ಇನ್ನಾರೋ ನಿಂತೇಬಿಡುತ್ತಾರೆ. ಕಾರುಗಳು ಮುಂದಕ್ಕೆ ಸಾಗುತ್ತವೆ, ಜಾಮ್ ಅಲೆಯಾಗಿ ಹಿಂದಕ್ಕೆ ಸರಿಯುತ್ತದೆ. ವಾಹನ ವಿರಳವಾಗಿದ್ದರೆ ಈ ಏರುಪೇರು ಅಲ್ಲೇ ಅಡಗುತ್ತದೆ. ದಟ್ಟಣೆ ಮಿತಿ ಮೀರಿದರೆ ಬೆಳೆಯುತ್ತದೆ.

ನಮ್ಮಲ್ಲಿ ಲೇನ್ ಶಿಸ್ತೇ ಇಲ್ಲ, ಜಪಾನಿನ ಲೆಕ್ಕ ಇಲ್ಲಿಗೇಕೆ ಎನ್ನುವವರಿದ್ದಾರೆ. ಒಂದೇ ಸಾಲಿನಲ್ಲಿ ಶಿಸ್ತಾಗಿ ಸಾಗಿದವರಿಗೇ ಹೀಗಾದರೆ, ಶಿಸ್ತೊಂದೇ ಇಲ್ಲಿ ಮದ್ದಾಗುವುದು ಹೇಗೆ?

ಇಳಿಯಬೇಕಾದದ್ದು ದಟ್ಟಣೆ; ಅಂದರೆ ಕಡಿಮೆ ವಾಹನಗಳಲ್ಲಿ ಹೆಚ್ಚು ಜನ ಓಡಾಡಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ಕೊರೆದರೆ ಅದು ಇನ್ನಷ್ಟು ಕಾರುಗಳನ್ನು ಕರೆಯುತ್ತದೆ. ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟರೆ ಕೆಲವು ಕಾರುಗಳಾದರೂ ಮನೆಯಲ್ಲಿ ಉಳಿದಾವು. ಬೈಯಲೇಬೇಕೆಂದರೆ, ಸುರಂಗಕ್ಕೆ ದುಡ್ಡು ಹುಡುಕಿ ಬಸ್ಸಿಗೆ ಜಾಗ ಹುಡುಕದವರನ್ನು ಬೈಯೋಣ.