ಬಾಯಿ ಜೋರು, ಕಿವಿ ಮಂದ

ಲೋರಾ ಮೆಶ್ ಕಟ್ಟುವ ಹುಚ್ಚು ಹತ್ತಿದವರಿಗೆಲ್ಲ ಒಂದೇ ಚಾಳಿ. ಎದುರಿನ ನೋಡ್ ಸಿಗ್ತಿಲ್ಲ ಅಂದ ತಕ್ಷಣ ಕೈ ಹೋಗೋದು ಪವರ್ ಸೆಟ್ಟಿಂಗಿಗೆ. 20 ಡಿಬಿಎಂ ಇದ್ದದ್ದು 27 ಆಗುತ್ತೆ, ಅದೂ ಸಾಲದೆ 30 ಆಗುತ್ತೆ, ಆಮೇಲೆ ಆನ್‌ಲೈನಲ್ಲಿ ಬೂಸ್ಟರ್ ಹುಡುಕಾಟ ಶುರು. ನಮ್ಮ ಮಾತು ಅವರಿಗೆ ಕೇಳಿಸ್ತಿಲ್ಲ ಅನ್ನೋದು ಎಲ್ಲರ ಅನುಮಾನ. ಅವರ ಮಾತು ನಮಗೇ ಕೇಳಿಸ್ತಿಲ್ಲ ಅನ್ನೋ ಅನುಮಾನ ಯಾರಿಗೂ ಬರಲ್ಲ ಯಾಕೆ?

ಡೇಟಾಶೀಟ್ ತೋರಿಸಿ ವಾದಕ್ಕೆ ನಿಲ್ಲೋರಿದ್ದಾರೆ. ಚಿಪ್ಪಿನ ಸೆನ್ಸಿಟಿವಿಟಿ −137 ಡಿಬಿಎಂ, ಇನ್ನೇನು ಬೇಕು ಅಂತ. ಸ್ವಾಮಿ, ಅದು ಗದ್ದಲವೇ ಇಲ್ಲದ ಪ್ರಯೋಗಾಲಯದ ಮಾತು, ಅದೂ ಅತಿ ನಿಧಾನದ ಸೆಟ್ಟಿಂಗಲ್ಲಿ. ಮೆಶ್‌ಟಾಸ್ಟಿಕ್‌ನ ಡೀಫಾಲ್ಟ್ ಆದ ಲಾಂಗ್‌ಫಾಸ್ಟ್ ತಗೊಳ್ಳಿ. 250 ಕಿಲೋಹರ್ಟ್ಸ್ ಅಗಲದಲ್ಲಿ ಪ್ರಕೃತಿಯೇ ಮಾಡುವ ಸದ್ದು −120 ಡಿಬಿಎಂ. ರಿಸೀವರ್ ತನ್ನ ಪಾಲಿನ ಸುಮಾರು 6 ಡಿಬಿ ಸೇರಿಸಿದರೆ −114. ಈ ಸದ್ದಿಗಿಂತ 17 ಡಿಬಿ ಕೆಳಗಿರುವ ಪಿಸುಮಾತನ್ನೂ ಲೋರಾ ಹೆಕ್ಕಿ ತೆಗೆಯುತ್ತೆ, ಅದರ ಜಾದೂ ಅದೇ. ಆದರೆ ನಿಮ್ಮ ಟೆರೇಸ್ ಮೇಲೆ ಸದ್ದು −114ರಲ್ಲಿದೆ ಅಂತ ಹೇಳಿದ್ಯಾರು?

ಒಂದು ಪ್ಯಾಕೆಟ್ ಬಂತು ಅಂದ್ಕೊಳ್ಳಿ. ಆರ್‌ಎಸ್‌ಎಸ್‌ಐ −100, ಎಸ್‌ಎನ್‌ಆರ್ −10. 'ಸಿಗ್ನಲ್ ವೀಕು' ಅಂತ ಷರಾ ಬರೆದು ಕೈತೊಳೆದುಕೊಳ್ಳೋರೇ ಜಾಸ್ತಿ. ಸರಿಯಾಗಿ ನೋಡಿ. ಎಸ್‌ಎನ್‌ಆರ್ ಮೈನಸ್ಸಿಗೆ ಇಳಿದಿದೆ ಅಂದ್ರೆ ಆ −100 ಹೆಚ್ಚುಕಡಿಮೆ ಪೂರ್ತಿ ಗದ್ದಲವೇ, ನಿಜವಾದ ಸಿಗ್ನಲ್ −110ರ ಆಸುಪಾಸು. ಸ್ತಬ್ಧ ಜಾಗದಲ್ಲಾಗಿದ್ರೆ ಅದೇ ಸಿಗ್ನಲ್ +4 ಎಸ್‌ಎನ್‌ಆರಲ್ಲಿ ಆರಾಮಾಗಿ ಬರ್ತಿತ್ತು. ಅಂದ್ರೆ ನಿಮ್ಮ ಕಿವಿ 14 ಡಿಬಿ ಮಂದ. ಅಡ್ಡಿಯಿಲ್ಲದ ನೇರ ದಾರಿಯಲ್ಲಿ 50 ಕಿಲೋಮೀಟರ್ ಕೇಳಬೇಕಾದ ರೇಡಿಯೋ 10 ಕಿಲೋಮೀಟರಿಗೇ ಸುಸ್ತು. ಇದನ್ನ ಪವರಿಂದ ಸರಿದೂಗಿಸಬೇಕಾದ್ರೆ 25 ಪಟ್ಟು ಏರಿಸಬೇಕು, 100 ಮಿಲಿವ್ಯಾಟ್ ಹೋಗಿ 2.5 ವ್ಯಾಟ್. ನಮ್ಮಲ್ಲಿ 865–868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರೋದು 1 ವ್ಯಾಟ್. ತಮಾಷೆ ಅಂದ್ರೆ, ಅದನ್ನೂ ಏರಿಸಬೇಕಾದವರು ನೀವಲ್ಲ, ಆ ಕಡೆಯವರು! ನೀವು ಎಷ್ಟು ಅರಚಿದರೂ ನಿಮ್ಮ ಕಿವಿ ಒಂದು ಡಿಬಿಯೂ ಚುರುಕಾಗಲ್ಲ.

ಹಾಗಾದ್ರೆ ಗದ್ದಲ ಎಲ್ಲಿಂದ? ತಲೆ ಎತ್ತಿ ನೋಡಿ. 850 ಬ್ಯಾಂಡಿನ ಮೊಬೈಲ್ ಟವರ್‌ಗಳು 869ರಿಂದ 889 ಮೆಗಾಹರ್ಟ್ಸ್‌ವರೆಗೆ ಕೂಗುತ್ತವೆ. ನಮ್ಮ ಬ್ಯಾಂಡ್ ಮುಗಿಯೋದು 868ಕ್ಕೆ. ಮಧ್ಯೆ ಇರೋದು 1 ಮೆಗಾಹರ್ಟ್ಸ್ ಗೋಡೆ, ಅಷ್ಟೇ. ಪಕ್ಕದ ಅಪಾರ್ಟ್‌ಮೆಂಟ್ ನೆತ್ತಿ ಮೇಲೇ ಟವರ್ ಇದ್ದರೆ ಮುಗೀತು, ಮದುವೆ ಛತ್ರದ ಸ್ಪೀಕರ್ ಪಕ್ಕ ನಿಂತು ಫೋನಲ್ಲಿ ಅಜ್ಜಿ ಮಾತು ಕೇಳಿಸಿಕೊಂಡ ಹಾಗೆ. ಮದ್ದು ಆಂಟೆನಾಗೂ ರೇಡಿಯೋಗೂ ನಡುವೆ ಒಂದು ಒಳ್ಳೆ ಕ್ಯಾವಿಟಿ ಫಿಲ್ಟರ್. 'ಅದೇ ಒಂದೆರಡು ಡಿಬಿ ತಿನ್ನುತ್ತಲ್ಲ ಗುರು, ಕಾಸು ಕೊಟ್ಟು ಲಾಸ್ ತಗೋಬೇಕಾ?' ತಗೋಬೇಕು. ಎರಡು ಡಿಬಿ ಕೊಟ್ಟು ಹತ್ತು ಡಿಬಿ ವಾಪಸ್ ಬರೋ ವ್ಯಾಪಾರ ಬೇಡ ಅನ್ನೋರ್ಯಾರು? 868ರದ್ದು ಅಂತ ಸಿಗೋ ಅಗ್ಗದ ಫಿಲ್ಟರ್ ಮಾತ್ರ ಬೇಡ. ಅದು ಯುರೋಪಿನ 863–870ಕ್ಕೆ ಮಾಡಿದ್ದು. ಅಲ್ಲಿ 869ರಲ್ಲಿ ಮೊಬೈಲ್ ಟವರ್ ಇಲ್ಲ, ಇಲ್ಲಿ ಅದು ಕಳ್ಳನಿಗೇ ಬಾಗಿಲು ತೆಗೆದುಕೊಡುತ್ತೆ. ಫಿಲ್ಟರ್ ಇಲ್ಲದೆ ಬರೀ ಪ್ರೀಆಂಪ್ ಹಾಕೋದಂತೂ ಛತ್ರದ ಸ್ಪೀಕರಿಗೇ ಇನ್ನೊಂದು ಆಂಪ್ಲಿಫೈಯರ್ ಕೊಟ್ಟ ಹಾಗೆ.

ಎರಡನೇ ಅಪರಾಧಿ ನಿಮ್ಮದೇ ಡಬ್ಬಿಯೊಳಗಿರಬಹುದು. ಸೋಲಾರ್ ಚಾರ್ಜರ್, ಅಗ್ಗದ ವೋಲ್ಟೇಜ್ ಕನ್ವರ್ಟರ್, ಪಕ್ಕದ ಎಲ್‌ಇಡಿ ದೀಪದ ಡ್ರೈವರ್, ಎಲ್ಲವೂ ಗುಂಯ್‌ಗುಡುತ್ತವೆ. ಸೋಲಾರ್ ಕಳಚಿ, ಬರೀ ಬ್ಯಾಟರಿ ಮೇಲೆ ಒಂದು ಗಂಟೆ ಓಡಿಸಿ, ಅದೇ ದೂರದ ನೋಡಿನ ಎಸ್‌ಎನ್‌ಆರ್ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಬೋರು, ಒಪ್ಪಿದೆ. ಇನ್ನು ಕೇಬಲ್: ಹತ್ತು ಮೀಟರ್ ಆರ್‌ಜಿ-58 ಹತ್ತಿರ ಹತ್ತಿರ 5 ಡಿಬಿ ನುಂಗುತ್ತೆ. ರೇಡಿಯೋನೇ ಆಂಟೆನಾ ಬುಡದಲ್ಲಿಡಿ, ಮಳೆಗಾಲಕ್ಕೆ ಮುಂಚೆ ಕನೆಕ್ಟರಿಗೆ ಟೇಪ್ ಸುತ್ತಿ.

ಇಷ್ಟೆಲ್ಲ ಯಾಕೆ, ಪವರ್ ಏರಿಸಿದ್ರೆ ನನಗಂತೂ ಸರಿಹೋಯ್ತು ಅಂತೀರಾ? ನಿಮಗೆ ಹೋಗಿರಬಹುದು. ಹ್ಯಾಮ್ ರೇಡಿಯೋದವರು ಇಂಥ ಸ್ಟೇಷನ್ನನ್ನ ಮೊಸಳೆ ಅಂತಾರೆ, ಬಾಯಿ ದೊಡ್ಡದು, ಕಿವಿ ಸಣ್ಣದು. ಮನೆಯಲ್ಲಿ ಒಂಟಿ ಮೊಸಳೆ ಸಾಕಿದ್ರೆ ಯಾರಿಗೂ ತಕರಾರಿಲ್ಲ. ಆದರೆ ಮೆಶ್ ಅಂದ್ರೆ ಒಬ್ಬರ ಮಾತನ್ನ ಇನ್ನೊಬ್ಬರು ದಾಟಿಸೋದು, ಅದೂ ಡೀಫಾಲ್ಟ್ ಆಗಿ ಮೂರೇ ನೆಗೆತ. ಪಕ್ಕದ ನೋಡ್ ಆಗಲೇ ದಾಟಿಸಿತು ಅಂತ ಕೇಳಿಸಿದರೆ ಸಾಮಾನ್ಯ ನೋಡ್ ಸುಮ್ಮನಾಗುತ್ತೆ. ಬೆಟ್ಟದ ಮೇಲೆ 'ರೂಟರ್' ಪಾತ್ರದಲ್ಲಿ ಕೂತ ಮಂದಕಿವಿಯ ನೋಡ್ ಹಾಗಲ್ಲ, ತನಗೆ ಕೇಳಿಸಿದ ನಾಲ್ಕು ಮಾತನ್ನ ಊರಿಗೆಲ್ಲ ಮೊದಲು ಕೂಗುತ್ತೆ. ಚಾನೆಲ್ ತುಂಬುತ್ತೆ, ಚೆನ್ನಾಗಿ ಕೇಳಬಲ್ಲ ಚಿಕ್ಕ ನೋಡ್‌ಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಕಾಡಿನ ಕಡೆಯಿಂದ ಚಾರಣಿಗನೊಬ್ಬ ಕಳಿಸಿದ ದುರ್ಬಲ ಮೆಸೇಜ್, ಈ ಸಾಮಾನು ತಗೊಂಡಿದ್ದೇ ಯಾವುದಕ್ಕೋಸ್ಕರವೋ ಅದು, ಆ ಬೆಟ್ಟಕ್ಕೆ ಕೇಳಿಸೋದೇ ಇಲ್ಲ. ಉತ್ತರ ಬರದ ಅವನ ರೇಡಿಯೋ ಮತ್ತೆ ಮತ್ತೆ ಕಳಿಸುತ್ತೆ, ಕೊನೆಗೆ ಪರದೆ ಮೇಲೆ 'ತಲುಪಿಲ್ಲ' ಅಂತ ತೋರಿಸಿ ಸುಮ್ಮನಾಗುತ್ತೆ.

ಬೆಟ್ಟದ ಮೇಲೆ ರೂಟರ್ ಇಡ್ತೀನಿ ಅನ್ನೋರು ಎಷ್ಟು ವ್ಯಾಟ್ ಅಂತ ಗುಂಪಲ್ಲಿ ಕೊಚ್ಚಿಕೊಳ್ಳೋದು ಬಿಟ್ಟು, ಅಲ್ಲಿ ಇಡೀ ದಿನ ಗದ್ದಲ ಎಷ್ಟಿತ್ತು ಅಂತ ಅಳೆದು ಹಾಕಲಿ. ಆ ಅಂಕಿ ಇಲ್ಲದಿದ್ದರೆ ಸಾಮಾನ್ಯ ನೋಡ್ ಆಗಿಯೇ ಇರಲಿ.