ಅಮ್ಮನ ‘ಸಂಕಟ’ ಯಾರಿಗೆ ಅರ್ಥ ಆಗಬೇಕು?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನನ್ನು ಇಲ್ಲೇ ಕಾಸರಗೋಡಿನ ಒಂದು ಆಸ್ಪತ್ರೆಗೆ ಕರಕೊಂಡು ಹೋದೆವು. ವಯಸ್ಸು 68. ಏನಾಗ್ತದೆ ಅಂತ ನರ್ಸ್ ಕೇಳಿದಾಗ ಅಮ್ಮ ಹೇಳಿದ್ದು ಒಂದೇ ಮಾತು, ‘ಸಂಕಟ ಆಗ್ತದೆ’. ನಮ್ಮಲ್ಲಿ ಎದೆ ಹಿಂಡಿದ ಹಾಗಾದರೂ ಸಂಕಟ, ವಾಂತಿ ಬಂದ ಹಾಗಾದರೂ ಸಂಕಟ. ಮಲಯಾಳದಲ್ಲಿ ಸಂಕಟ ಅಂದ್ರೆ ದುಃಖ. ಆ ಹುಡುಗಿ ಅಮ್ಮನ ಕೈ ಹಿಡಿದು ಸಮಾಧಾನ ಹೇಳ್ಲಿಕ್ಕೆ ಶುರು ಮಾಡಿದಳು! ನಾವು ಆಗ ಹೊರಗೆ ಚೀಟಿ ಮಾಡಿಸುವ ಸಾಲಿನಲ್ಲಿದ್ದೆವು. ನಾವು ಒಳಗೆ ಬಂದು ‘ನೋವು ಎದೆಯಲ್ಲಿ’ ಅಂತ ಬಿಡಿಸಿ ಹೇಳಿ, ಇಸಿಜಿ ತೆಗೆಯುವಾಗ ಮುಕ್ಕಾಲು ಗಂಟೆ ಕಳೆದಿತ್ತು.

ಹುಡುಗಿಯದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ತೆಂಕಣ ಜಿಲ್ಲೆಯಿಂದ ಬಂದವಳು, ಒಳ್ಳೆಯ ಮನಸ್ಸಿನವಳು. ಕನ್ನಡ, ತುಳು ಮಾತಾಡುವ ಊರಿಗೆ ಅವಳನ್ನು ಕಳಿಸಿದವರು ಒಂದು ವಾರದ ಮಟ್ಟಿಗಾದರೂ ನಾಲ್ಕು ಮಾತು ಕಲಿಸಿ ಕಳಿಸಬೇಕಿತ್ತು. ಅದು ನಮ್ಮ ತಕರಾರು.

ಆಮೇಲೆ ಆದದ್ದು ಗಡಿನಾಡಿನ ಪ್ರತಿ ಮನೆಗೂ ಗೊತ್ತಿರುವ ಕಥೆ. ಆಂಬುಲೆನ್ಸ್, ಮಂಗಳೂರು, ಸ್ಟೆಂಟ್, ಆರು ದಿನ. ಬಿಲ್ಲು 1,78,000 ರೂಪಾಯಿ. ಅಮ್ಮನ ಹೆಸರಿನಲ್ಲಿ ಆರೋಗ್ಯ ವಿಮೆ ಇರಲಿಲ್ಲ. ಬಿಕಾಂ ಓದಿ, ಬ್ಯಾಂಕಿನಲ್ಲಿ ಕೂತು ಊರವರಿಗೆಲ್ಲ ವಿಮೆ ಮಾಡಿಸಿ ಅಂತ ಹೇಳುವ ನಾವೇ ನಮ್ಮ ಮನೆಯಲ್ಲಿ ಮಾಡಿಸಿರಲಿಲ್ಲ. ನಾಚಿಕೆಯ ವಿಷಯ, ಆದರೂ ಬರೀತೇವೆ. ‘ನನಗೇನಾಗಿದೆ, ಗಟ್ಟಿ ಇದ್ದೇನೆ’ ಅಂತ ಅಮ್ಮ ಹೇಳಿದ್ದನ್ನೇ ನಂಬಿಕೊಂಡು ಕೂತಿದ್ದೆವು.

ಮನೆಗೆ ಬಂದ ಮೇಲೆ ಅಣ್ಣ, ತಂಗಿ ಎಲ್ಲ ಸೇರಿ ಲೆಕ್ಕ ಬರೆದೆವು. ಮಾತ್ರೆಗೆ ತಿಂಗಳಿಗೆ 3,800. ಜನೌಷಧಿ ಅಂಗಡಿಯಲ್ಲಿ ಸಿಗುವುದನ್ನೆಲ್ಲ ಅಲ್ಲೇ ತೆಗೆದುಕೊಂಡರೆ ಅದು ಬಹಳ ಇಳಿಯುತ್ತದೆ, ಈಗ ಹಾಗೇ ಮಾಡ್ತಾ ಇದ್ದೇವೆ. ಆದರೆ ಇಳಿಯದ ಒಂದು ಸಾಲು ಉಂಟು. ತಿಂಗಳಿಗೊಮ್ಮೆ ಮಂಗಳೂರಿಗೆ ಕಾರು 2,400, ವರ್ಷಕ್ಕೆ 28,800. ಹೃದಯದ ಡಾಕ್ಟರು ಈಚೆಯೂ ಇದ್ದಾರೆ. ಅಮ್ಮ ಒಪ್ಪುವುದಿಲ್ಲ. ‘ಅಲ್ಲಿ ನಾನು ಹೇಳಿದ್ದು ಅವರಿಗೆ ತಿಳೀತದೆ’ ಅಂತಾರೆ. ಆ ರಾತ್ರಿ ಕಳೆದ ಮೇಲೆ ಇಲ್ಲ ಅನ್ನುವ ಬಾಯಿ ನಮಗಿಲ್ಲ. ಹಾಗಾದರೆ ಈ 28,800 ಯಾವ ಖರ್ಚು? ಕಾಯಿಲೆಯದ್ದಲ್ಲ ಮಾರಾಯ್ರೇ, ಭಾಷೆಯದ್ದು. ಯಾವ ವಿಮೆಯೂ ಅದನ್ನು ಕೊಡುವುದಿಲ್ಲ.

ಮಂಗಳೂರು ನಮ್ಮದೇ ಅಂತ ನೆಚ್ಚಿಕೊಂಡು ಕೂರುವ ಹಾಗೂ ಇಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕ ಗಡಿ ಮುಚ್ಚಿತು, ಹಲವು ರಸ್ತೆಗಳಿಗೆ ಮಣ್ಣೇ ಸುರಿದರು. ಹೊತ್ತಿಗೆ ಸರಿಯಾಗಿ ಮಂಗಳೂರು ಮುಟ್ಟಲಾಗದೆ ತೀರಿಕೊಂಡವರು ಈ ಜಿಲ್ಲೆಯಲ್ಲಿದ್ದಾರೆ. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗಿ ರೋಗಿಗಳಿಗೆ ದಾರಿ ಬಿಡಿಸಬೇಕಾಯಿತು. ತಾಯ್ನಾಡು ಅಂತ ನಾವು ಹೇಳುವ ರಾಜ್ಯವೇ ಆಗ ಬಾಗಿಲು ಹಾಕಿತ್ತು. ಮಾಮೂಲಿ ದಿನಗಳಲ್ಲೂ ಕೇರಳದ ಕಾರ್ಡು ಆಚೆಯ ಆ ಆಸ್ಪತ್ರೆಯಲ್ಲಿ, ಆ ಚಿಕಿತ್ಸೆಗೆ ನಡೆಯುತ್ತದಾ ಅಂತ ದಾಖಲಾಗುವ ಮೊದಲೇ ಕೇಳಿ. ‘ಕಾರ್ಡು ಉಂಟಲ್ಲ’ ಅಂತ ಹೋಗಿ ಬಿಲ್ಲಿನ ಎದುರು ನಿಂತವರನ್ನು ನಾವು ನೋಡಿದ್ದೇವೆ.

ಈಗ ಕೌಂಟರಿನ ಈಚೆಯಿಂದ ಕಂಡದ್ದು ಸ್ವಲ್ಪ ಹೇಳ್ತೇವೆ.

ಅಪ್ಪ ಐಸಿಯುನಲ್ಲಿ. ಮಗ ಓಡಿ ಬಂದು ‘ಅಪ್ಪನ ಎಫ್‌ಡಿ ಮುರಿದು ಕೊಡಿ’ ಅಂತಾನೆ. ಅಡಿಕೆ ಮಾರಿ ಕೂಡಿಟ್ಟ ನಾಲ್ಕು ಲಕ್ಷ, ಅಪ್ಪನೊಬ್ಬರದ್ದೇ ಹೆಸರು. ‘ನಾಮಿನಿ ನಾನೇ ಅಲ್ವಾ’ ಅಂತಾನೆ. ನಾಮಿನಿಯ ಮಾತು ಬರುವುದು ಅಪ್ಪ ತೀರಿಕೊಂಡ ಮೇಲೆ, ಬದುಕಿರುವಾಗ ಅಲ್ಲ. ಇದನ್ನು ಆ ಹೊತ್ತಿನಲ್ಲಿ ಅವನ ಮುಖ ನೋಡಿ ಹೇಳುವಷ್ಟು ಕೆಟ್ಟ ಕೆಲಸ ನಮ್ಮ ಉದ್ಯೋಗದಲ್ಲಿ ಬೇರೆ ಇಲ್ಲ. ಅಪ್ಪನಿಗೆ ಪ್ರಜ್ಞೆ ಇದ್ದು ಕೈ ಮಾತ್ರ ಆಡದಿದ್ದರೆ ದಾರಿ ಉಂಟು. ಬ್ಯಾಂಕಿನ ಅಧಿಕಾರಿಯೊಬ್ಬರು ಸೇರಿ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಹಾಕಿಸಬಹುದು. ಪ್ರಜ್ಞೆಯೇ ಇಲ್ಲದಿದ್ದರೆ ಅದೂ ಆಗುವುದಿಲ್ಲ.

ಹಾಗಾಗಿ ಅಪ್ಪ ಅಮ್ಮ ಗಟ್ಟಿ ಇರುವಾಗಲೇ, ಅವರ ಒಪ್ಪಿಗೆಯಿಂದ, ಒಂದು ಉಳಿತಾಯ ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ’ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ. ಎಫ್‌ಡಿಯನ್ನು ಜಂಟಿ ಮಾಡಿದರೂ ಅವಧಿಗೆ ಮೊದಲು ಮುರಿಯಲಿಕ್ಕೆ ಇಬ್ಬರ ಸಹಿಯೂ ಬೇಕಾಗಬಹುದು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ಮೂರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲೇ ಇರಲಿ, ಬಡ್ಡಿ ಕಡಿಮೆ ಆದರೂ ಅಡ್ಡಿ ಇಲ್ಲ. ಹೀಗೆ ಹೇಳಿದರೆ ಕೆಲವು ಹಿರಿಯರಿಗೆ ಕೋಪ ಬರುತ್ತದೆ, ಮಗ ಈಗಲೇ ದುಡ್ಡಿಗೆ ಕಣ್ಣು ಹಾಕಿದ ಅಂತ. ಹಾಗೆ ಹಾಕುವ ಮಕ್ಕಳೂ ಇದ್ದಾರೆ, ಸುಳ್ಳಲ್ಲ. ಅಂಥ ಮನೆಯಲ್ಲಿ ಎಲ್ಲ ದುಡ್ಡು ಬೇಡ, ಆಸ್ಪತ್ರೆಗೆ ಬೇಕಾಗುವಷ್ಟನ್ನು ಮಾತ್ರ ಜಂಟಿ ಇಡಿ.

ವಿಮೆಗೆ ವಯಸ್ಸು ದಾಟಿತು ಅಂತ ಸುಮ್ಮನಿರಬೇಡಿ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 3 ವರ್ಷ. ಪ್ರೀಮಿಯಂ ಮಾತ್ರ ಕಣ್ಣು ಬಿಡುವಷ್ಟು. ವಿಮೆ ಇಲ್ಲದ 60 ದಾಟಿದ ತಂದೆ ತಾಯಿಯ ಚಿಕಿತ್ಸೆಗೆ ನೀವು ಕೊಟ್ಟ ದುಡ್ಡಿಗೆ, ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ವರ್ಷಕ್ಕೆ 50,000ದವರೆಗೆ ಕಡಿತ ಉಂಟು. ನಗದು ಕೊಟ್ಟರೆ ಸಿಗುವುದಿಲ್ಲ, ಕಾರ್ಡಿನಲ್ಲೋ ಯುಪಿಐಯಲ್ಲೋ ಕೊಡಿ.

ಇನ್ನು ಕೇರಳದಲ್ಲಿ ಇದ್ದುಕೊಂಡು ನಾವು ಬಳಸದೆ ಬಿಟ್ಟಿರುವ ಒಂದು ಒಳ್ಳೆಯ ಸಂಗತಿ, ಪಂಚಾಯತಿನ ಪಾಲಿಯೇಟಿವ್ ಸೇವೆ. 2008ರಲ್ಲೇ ಇದಕ್ಕೊಂದು ನೀತಿ ಮಾಡಿದ ರಾಜ್ಯ ಇದು. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಬಂದು ಗಾಯ ತೊಳೆದು, ಟ್ಯೂಬ್ ಬದಲಿಸಿ ಹೋಗುತ್ತಾರೆ. ಮನೆಯಲ್ಲೇ ಹೋಂ ನರ್ಸ್ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಎರಡು ವರ್ಷ ಮಲಗಿದ್ದರು, ಹೆಸರು ಬರೆಸಿರಲಿಲ್ಲ. ಯಾಕೆ ಕೇಳಿದರೆ ಸೊಸೆ ಹೇಳಿದ್ದು, ‘ಫಾರಂ ಮಲಯಾಳದಲ್ಲಿತ್ತು, ಎಂತ ಅಂತ ಗೊತ್ತಾಗ್ಲಿಲ್ಲ.’ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿದ್ದರೆ ಆಗ್ತಿತ್ತು. ಕೇಳ್ಲಿಕ್ಕೆ ಸಂಕೋಚ. ಈ ಸಂಕೋಚದ ಪಾಲು ನಮ್ಮದೂ ಉಂಟು, ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಬಾರದು.

ಆದರೆ ಫಾರಂ ಕನ್ನಡದಲ್ಲಿ ಕೇಳುವುದು ಭಿಕ್ಷೆ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಉಂಟು. ನಾವು ಇದನ್ನು ಶಾಲೆಗೆ, ಪಿಎಸ್‌ಸಿಗೆ, ಊರಿನ ಹೆಸರಿಗೆ ಎತ್ತಿ ಹಿಡಿದಷ್ಟು ಆಸ್ಪತ್ರೆಗೆ ಎತ್ತಿ ಹಿಡಿಯಲಿಲ್ಲ. ಮಕ್ಕಳು ಹೇಗೋ ಮಲಯಾಳ ಕಲಿತು ದಾಟಿಕೊಳ್ಳುತ್ತಾರೆ. 70 ವರ್ಷದ ಅಜ್ಜ ಎಲ್ಲಿಂದ ಕಲಿಯುವುದು, ಅದೂ ಎದೆ ನೋಯುವಾಗ?

ಮಂಜೇಶ್ವರ, ಕಾಸರಗೋಡು ತಾಲೂಕಿನ ಸರಕಾರಿ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಪ್ರತಿ ಪಾಳಿಗೆ ಕನ್ನಡ ಬಲ್ಲ ಒಬ್ಬರು ಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೊತ್ತು ಕನ್ನಡದಲ್ಲೂ ಬರೆದಿರಬೇಕು, ಪಾಲಿಯೇಟಿವ್ ಫಾರಂ ಕನ್ನಡದಲ್ಲಿ ಸಿಗಬೇಕು ಅಂತ ಒಂದು ಅರ್ಜಿ ಬರೆದಿದ್ದೇವೆ. ಜಿಲ್ಲಾ ವೈದ್ಯಾಧಿಕಾರಿಗೆ, ಕನ್ನಡದಲ್ಲೇ. ಮುಂದಿನ ಆದಿತ್ಯವಾರದಿಂದ ಮನೆ ಮನೆಗೆ ಸಹಿಗೆ ಬರ್ತೇವೆ. ನಿಮ್ಮ ಮನೆಯ ಹಿರಿಯರ ಸಹಿ ಮೊದಲು ಬೇಕು, ನಿಮ್ಮದು ಆಮೇಲೆ. ಒಂದನೇ ನಂಬರಿನಲ್ಲಿ ನಮ್ಮ ಅಮ್ಮ ಹಾಕಿ ಆಗಿದೆ. ಕೈ ಸ್ವಲ್ಪ ನಡುಗಿದೆ, ಆದರೆ ಓದ್ಲಿಕ್ಕೆ ಆಗ್ತದೆ.